ಮಾಲವಣದಲ್ಲಿ ನನಗೆ ಕೇಳಿಸಿದ್ದು

ಕಾಕಾ, ಅವತ್ತು ಫೋನಿನಲ್ಲಿ ನೀವು ಹೇಳಿದ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

ಲೈನ್ ಸರಿ ಇರಲಿಲ್ಲ, ಬರೀ ಗರಗರ ಸದ್ದು, ಆಮೇಲೆ ಕಟ್ಟಾಯಿತು — ಎಂದು ನಿಮ್ಮ ಮನೆಯ ಪಡಸಾಲೆಯಲ್ಲಿ, ಅಷ್ಟು ಜನರ ಎದುರು ಹೇಳಿದೆನಲ್ಲ, ಅದು ಸುಳ್ಳು. ಆ ಸುಳ್ಳಿನಿಂದಾಗಿ ನಾಲ್ಕು ವರ್ಷದಿಂದ ರಾಜೇಶ್ವರಿ ನಿಮ್ಮ ಜೊತೆ ಮಾತು ಬಿಟ್ಟಿದ್ದಾಳೆ. ನಿಮಗೆ ಆಗಲೇ ಗೊತ್ತಿತ್ತು ನಾನು ಸುಳ್ಳು ಹೇಳುತ್ತಿದ್ದೇನೆಂದು. ಅದು ನನಗೂ ಗೊತ್ತಿತ್ತು. ಹಾಗಿದ್ದೂ ನಾನು ಇಷ್ಟು ವರ್ಷ —

ಮೊದಲಿನಿಂದ ಹೇಳುತ್ತೇನೆ. ನಿಮಗೆ ತಿಳಿದಿರುವುದು ಅರ್ಧ. ಉಳಿದ ಅರ್ಧ ನನ್ನ ಕಡೆ ಇದೆ.

ನಾನು ನಂದಿನಿ. ನಿಮ್ಮ ಅಣ್ಣನ ಮಗಳ ಜೊತೆ ಪುಣೆಯ ವಿಮಾನ ನಗರದಲ್ಲಿ ಒಂದೇ ಮನೆಯಲ್ಲಿದ್ದವಳು. ತುಮಕೂರಿನವಳು. ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಮಾತು ಕಡಿಮೆ. ಪುಣೆಗೆ ಬಂದ ಮೊದಲ ವರ್ಷ, ಕೆಲಸದ ಹೊರಗೆ ನಾನು ಯಾರ ಜೊತೆಯೂ ಮಾತಾಡದೆ ಕಳೆದ ಭಾನುವಾರಗಳೇ ಹೆಚ್ಚು. ರಾಜೇಶ್ವರಿ ಬಂದ ಮೇಲೆ ಮನೆಗೆ ಸದ್ದು ಬಂತು. ಬಂದ ದಿನವೇ ನನ್ನನ್ನು ‘ನಂದಿನಿಬಾಯಿ’ ಎಂದು ಕರೆದಳು. ನಾನು ಅನ್ನಕ್ಕೆ ನೀರು ಅಳೆದು ಹಾಕುವುದನ್ನು ನೋಡಿ, “ಏನ್ರಿ ಬಾಯಾರ, ಅನ್ನಾ ಮಾಡ್ತೀರೋ ಔಷಧಿ ಮಾಡ್ತೀರೋ?” ಎಂದು ನಕ್ಕಳು. ನನ್ನನ್ನು ಯಾರೂ ಹಾಗೆ ಗೇಲಿ ಮಾಡಿರಲಿಲ್ಲ. ಹಾಗೆ ಗೇಲಿ ಮಾಡಿಸಿಕೊಳ್ಳುವುದು ಎಷ್ಟು ಸುಖ ಎಂದೂ ನನಗೆ ತಿಳಿದಿರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಮುಂದೆ ತಿಳಿಯುತ್ತದೆ.

ಅಪ್ಪನಿಲ್ಲದ ಅವಳನ್ನು ಓದಿಸಿದವರು ನೀವು, ಎತ್ತಿ ಆಡಿಸಿದವರು ಅಜ್ಜಿ. ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲ ನಿಮ್ಮಿಬ್ಬರ ಹೆಸರು ಬರುತ್ತಿತ್ತು. ಆ ವರ್ಷ ಅವಳಿಗೆ ಗಂಡು ನೋಡಲು ಶುರು ಮಾಡಿದಿರಿ. ಇವಳು ಊರಿಗೆ ಬರಲು ಒಪ್ಪುತ್ತಿರಲಿಲ್ಲ. ಆಗ ನೀವು ಫೋನ್ ಮಾಡಿದಿರಿ — ಅಜ್ಜಿಗೆ ಭಾಳ ಆರಾಮಿಲ್ಲ, ನಿನ್ನ ನೋಡಬೇಕಂತಾಳ. ಅವಳು ಆಫೀಸಿನಿಂದ ಎದ್ದು ಕಾತ್ರಜದ ಬಸ್ ನಿಲ್ದಾಣಕ್ಕೆ ಓಡಿ, ಸಿಕ್ಕ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅತ್ತುಕೊಂಡು ಬೈಲಹೊಂಗಲ ಮುಟ್ಟಿದರೆ, ಅಜ್ಜಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ.

ವಾಪಸು ಬಂದು ಅದನ್ನು ಅವಳು ನಮಗೆ ಆಡಿ ತೋರಿಸಿದಳು. “‘ಬಂದೀ? ಮಾರಿ ತೊಳಕೊ, ಈಗ ಅವರು ಬರ್ತಾರ’ ಅಂತ ಅಂದಳು ನಮ್ಮಜ್ಜಿ. ನಾ ಅಂದೆ, ಯಜ್ಜೀ, ನೀ ಸಾಯಾಕತ್ತೀ ಅಂತ ಹೇಳ್ಯಾರ ನನಗ! ಅದಕ್ಕ ಏನಂದಳು ಹೇಳು? ‘ಸತ್ತ ಮ್ಯಾಲ ಓಡಿ ಬರಾಕಿ, ಬದುಕಿದ್ದಾಗ ಬಂದ್ರ ಏನ ಕಳಕೊಂಡಿ?’”

ಎರಡನೆಯ ಸಲವೂ ಹಾಗೆಯೇ ಆಯಿತು. ಆಗ ಹುಡುಗನ ಕಡೆಯವರು ಅಡಿಗೆ ಬರುತ್ತದೆಯೇ ಎಂದು ಕೇಳಿದರೆ, ಇವಳು “ತಿನ್ನಾಕ ಬರ್ತದ್ರಿ” ಎಂದಳಂತೆ. ಶಾಲು ಹೊದ್ದು ಮಲಗಿ ನರಳುತ್ತಿದ್ದ ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟರಂತೆ. ಸಂಬಂಧ ಅಲ್ಲಿಗೇ ಮುರಿಯಿತು.

ನಮ್ಮ ಮನೆಯ ಮೂರನೆಯವಳು ಕೇತಕಿ, ಸಾತಾರೆಯವಳು, ಕನ್ನಡ ಬಾರದವಳು, “ಕಾಯ್ ಝಾಲಂ? ಮಲಾ ಪಣ ಸಾಂಗಾ ನಾ” ಎಂದು ತನಗೂ ಹೇಳುವಂತೆ ರೇಗುತ್ತಿದ್ದಳು. ರಾಜೇಶ್ವರಿ ಮತ್ತೆ ಮೊದಲಿನಿಂದ ಮರಾಠಿಯಲ್ಲಿ ಆಡಿ ತೋರಿಸುತ್ತಿದ್ದಳು. “ನಮ್ಮ ಕಡೆ ಅಪ್ಪಂಗೆ ಬಿಪಿ ಜಾಸ್ತಿ ಆಗಿದೆ ಅಂತಾರೆ” ಎಂದು ನಾನೂ ಸೇರಿಸಿದೆ. ‘ಅಜ್ಜಿಗೆ ಆರಾಮಿಲ್ಲ’ ಎನ್ನುವುದು ನಮ್ಮ ಮನೆಯಲ್ಲಿ ಒಂದು ನಗೆಯ ಮಾತಾಗಿಬಿಟ್ಟಿತು. ಯಾರಾದರೂ ಉಪ್ಪಿಟ್ಟು ಮಾಡಿದರೆ, ಅಜ್ಜಿಗೆ ಆರಾಮಿಲ್ಲೇನು, ಎಂದು ಕೇಳುವಷ್ಟು.

ಆ ನಗುವಿನ ನಡುವೆ ಒಂದು ದಿನ ರಾಜೇಶ್ವರಿ ಹೇಳಿದ್ದಳು: “ಇನ್ನೊಮ್ಮೆ ಹಿಂಗ ಫೋನ್ ಬಂದ್ರ ನನಗ ಹೇಳಽ ಬ್ಯಾಡ್ರಿ. ಸುಳ್ಳಂತ ಗೊತ್ತಿದ್ರೂ ನಾ ಹೋಗೇ ಬಿಡ್ತೀನಿ. ಒಂದ ವ್ಯಾಳ್ಯಾ ಖರೇ ಇದ್ರ?”

ಈ ಮಾತಿನ ಮೊದಲ ಅರ್ಧವನ್ನು ನಾನು ಬಹಳ ವರ್ಷ ಅಪ್ಪಣೆಯಂತೆ ಕಾಪಾಡಿಕೊಂಡೆ. ಅವಳೇ ಹೇಳಬೇಡ ಅಂದಿದ್ದಳಲ್ಲ, ಎಂದು. ಎರಡನೆಯ ಅರ್ಧ ನನಗೆ ಮರೆತಿರಲಿಲ್ಲ, ಕಾಕಾ. ಅವಳು ಹೋಗಿಯೇ ಬಿಡುತ್ತಾಳೆ ಎಂದು ಗೊತ್ತಿದ್ದದ್ದರಿಂದಲೇ ನಾನು ಹೇಳಲಿಲ್ಲ.

ಕೇತಕಿಯ ತಂದೆ ಒಂದು ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿದ್ದರು. ಮಡಚುವ ಹಾಸಿಗೆ, ಒಂದು ಗ್ಯಾಸ್ ಒಲೆ, ತಲೆಯ ಮೇಲೆ ನೀರಿನ ಟಾಕಿ, ಕಿಟಕಿಗೆ ಹಳದಿ ಪರದೆ. ಬಾಡಿಗೆಗೆ ಕೊಡುವ ಮೊದಲು ನಾವು ಮೂವರು ಒಂದು ಸುತ್ತು ಹೋಗಿಬರುವುದು ಎಂದಾಯಿತು. ಓಡಿಸುವವಳು ಕೇತಕಿ. ಎಲ್ಲಿಗೆ ಎಂಬುದನ್ನು ನಾನು ಆರಿಸಿದೆ — ಮಾಲವಣ. ಸಮುದ್ರದೊಳಗೆ ಬಂಡೆಯ ಮೇಲೆ ಕಟ್ಟಿದ ಕೋಟೆ ಇರುವ ಹಳೆಯ ಬಂದರು ಊರು. ಆ ಕೋಟೆಯೊಳಗೆ ಸಿಹಿನೀರಿನ ಬಾವಿಗಳಿವೆ ಎಂದು ಓದಿದ ದಿನದಿಂದ ನನಗೆ ಅದನ್ನು ನೋಡಬೇಕಿತ್ತು. ತಿಂಗಳುಗಟ್ಟಲೆ ಅದನ್ನೇ ಯೋಚಿಸಿದ್ದೆ. ನನ್ನ ಬದುಕಿನಲ್ಲಿ ನಾನಾಗಿ ಬೇಕೆಂದು ಕೇಳಿ ಪಡೆದ ಮೊದಲ ಪ್ರವಾಸ ಅದು.

ದಾರಿಯಲ್ಲಿ ರಾಜೇಶ್ವರಿ ಆ ಗಾಡಿಗೆ ಎತ್ತಿಲ್ಲದ ಚಕ್ಕಡಿ ಎಂದೇ ಹೆಸರಿಟ್ಟಳು. “ಯಲ್ಲಮ್ಮನ ಗುಡ್ಡಕ್ಕ ಹೋಗೂಮುಂದ ನಮ್ಮ ಚಕ್ಕಡಿಯೊಳಗೂ ಹಿಂಗಽ. ಒಲಿ, ಬೋಗೋಣಿ, ಹಾಸಿಗಿ, ಮ್ಯಾಲ ನಮ್ಮಜ್ಜಿ.” ಕೊಲ್ಲಾಪುರ ದಾಟಿ ಗಗನಬಾವಡಾ ಘಟ್ಟ ಇಳಿಯುವಾಗ ಒಲೆಯ ಮೇಲಿನ ಪಾತ್ರೆಗಳೆಲ್ಲ ಒಂದರ ಮೇಲೊಂದು ಬಿದ್ದವು. ಅವುಗಳನ್ನು ಹಿಡಿಯಲು ಹೋಗಿ ನಾವಿಬ್ಬರೂ ಬಿದ್ದೆವು. ಬಿದ್ದಲ್ಲೇ ನೆಲದ ಮೇಲೆ ಕೂತು ನಕ್ಕೆವು. ಆ ನಗು ಈಗಲೂ — ಇಲ್ಲ. ಅದನ್ನು ಬರೆಯುವ ಅಧಿಕಾರ ನನಗಿಲ್ಲ.

ಮರುದಿನ ಬೆಳಗ್ಗೆ ಮಾಲವಣದಲ್ಲಿ ದೋಣಿಗಳು ನಿಲ್ಲುವ ಧಕ್ಕೆಯ ಹತ್ತಿರ ಗಾಡಿ ನಿಲ್ಲಿಸಿದೆವು. ಮೀನಿನ ಬುಟ್ಟಿಗಳು, ಒಣಗಲು ಹರವಿದ ಬಲೆಗಳು, ಕೋಟೆಗೆ ಹೋಗುವ ದೋಣಿಗೆ ಕಾಯುವ ಜನ. ನೀರು ಸಿಡಿದರೆ ಫೋನು ಕೆಡುತ್ತದೆ ಎಂದು ರಾಜೇಶ್ವರಿ ತನ್ನ ಫೋನನ್ನು ಕ್ಯಾರವಾನಿನಲ್ಲೇ ಚಾರ್ಜಿಗೆ ಹಾಕಿ ಬಂದಿದ್ದಳು. ಅವಳೂ ಕೇತಕಿಯೂ ಸಾಲಿನಲ್ಲಿ ನಿಂತರು. ನಾನು ನೀರಿನ ಬಾಟಲಿ ಮರೆತಿದ್ದೆ. ತರಲು ಒಬ್ಬಳೇ ವಾಪಸು ಹೋದೆ.

ಗಾಡಿಯ ಬಾಗಿಲು ತೆಗೆದಾಗ ಅವಳ ಫೋನು ಬಡಿದುಕೊಳ್ಳುತ್ತಿತ್ತು. ‘ಕಾಕಾ’ ಎಂದು ಕಂಡಿತು. ಎತ್ತಿಕೊಂಡೆ.

ಆ ಮಾತುಗಳನ್ನು ನಿಮಗೇ ತಿರುಗಿ ಹೇಳುವುದು ವಿಚಿತ್ರ. ಆದರೆ ನನಗೆ ಕೇಳಿಸಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಏನಿದೆ.

“ಯಾರ್ರಿ? ರಾಜವ್ವ ಎಲ್ಲಿದಾಳ್ರಿ?”

“ನಾನು ನಂದಿನಿ ಅಂಕಲ್, ಅವಳ ಫ್ರೆಂಡ್. ಅವಳು ಸ್ವಲ್ಪ ದೂರ ಇದ್ದಾಳೆ.”

“ಹಾಂ, ನಂದಿನಿ ಏನವಾ. ಅಕಿಗೆ ಹೇಳವಾ, ಅಜ್ಜಿಗೆ ಆರಾಮಿಲ್ಲ. ಮುಂಜಾನಿಂದ ರಾಜವ್ವ, ರಾಜವ್ವ ಅನ್ನಾಕತ್ತಾಳ. ಹೆಂಗಿದ್ದಾಳ ಹಂಗಽ ಬರಾಕ ಹೇಳು. ಲಗೂನ.”

“ಹೇಳ್ತೀನಿ ಅಂಕಲ್.”

“ಹೇಳ್ತೀಯಲ್ಲ? ಹಂಗಾರ ಬರ್ತಾಳಂತ ನಾ ಅವ್ವಗ ಹೇಳ್ತೀನಿ.”

“ಹೂಂ, ಹೇಳಿ.”

ಇಷ್ಟೇ. ಈ ಕೊನೆಯ ‘ಹೂಂ, ಹೇಳಿ’ — ಇದನ್ನು ನಾನು ಯಾರಿಗೂ ಹೇಳದೆ, ನನಗೇ ನಾನು ಹೇಳಿಕೊಳ್ಳದೆ, ಅದರ ಸುತ್ತ ಸುತ್ತಿ ಹೋಗುತ್ತಿದ್ದೆ. ಅಜ್ಜಿಗೆ ಹಾಗೆ ಹೇಳಿ ಎಂದು ಒಪ್ಪಿಗೆ ಕೊಟ್ಟವಳು ನಾನು. ನೀವು ಹಾಸಿಗೆಯ ಬಳಿ ಬಗ್ಗಿ, ಹೊಂಟಾಳವ್ವಾ, ಬರಾಕತ್ತಾಳ, ಎಂದು ಹೇಳಿರುತ್ತೀರಿ. ಅವರು ನಂಬಿರುತ್ತಾರೆ.

ಫೋನಿಟ್ಟ ಮೇಲೆ ನಾನು ಮೊದಲು ಮಾಡಿದ್ದು, ನನ್ನ ಫೋನಿನಲ್ಲಿ ನಕ್ಷೆ ತೆರೆದು ನೋಡಿದ್ದು. ಪುಣೆಯಿಂದ ನಿಮ್ಮೂರಿಗೆ ಎಷ್ಟು ದೂರವೋ ಮಾಲವಣದಿಂದ ಅದರ ಅರ್ಧವೂ ಇಲ್ಲ. ಅಂಬೋಲಿ ಘಟ್ಟ ಹತ್ತಿ ಬೆಳಗಾವಿ, ಅಲ್ಲಿಂದ ಬೈಲಹೊಂಗಲ. ಮನೆಯಿಂದ ದೂರ ಬಂದಿದ್ದೇವೆ ಎಂದುಕೊಂಡಿದ್ದೆವು. ನಿಜದಲ್ಲಿ ಆ ಎರಡನೆಯ ಸಲದ ನಂತರ ಅವಳು ಅಜ್ಜಿಗೆ ಅಷ್ಟು ಹತ್ತಿರ ಬಂದಿರಲಿಲ್ಲ. ಆಗಲೇ ಹೊರಟಿದ್ದರೆ ಬಿಸಿಲು ಇಳಿಯುವುದರೊಳಗೆ ಮುಟ್ಟುತ್ತಿದ್ದೆವು. ಇದು ಆಮೇಲೆ ಹಾಕಿದ ಲೆಕ್ಕವಲ್ಲ, ಕಾಕಾ. ಆಗಲೇ, ಗಾಡಿಯ ಮೆಟ್ಟಿಲ ಮೇಲೆ ನಿಂತು ನೋಡಿ ತಿಳಿದುಕೊಂಡದ್ದು. ತಿಳಿದುಕೊಂಡು ನಕ್ಷೆಯನ್ನು ಮುಚ್ಚಿದೆ.

ಎರಡನೆಯದು — ಅವಳ ಫೋನು ತೆರೆದು ನಿಮ್ಮ ಕರೆಯನ್ನು ಅಳಿಸಿದೆ. ಅದರ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಯಾವುದೋ ಕೆಲಸಕ್ಕೆ ಅವಳೇ ಹೇಳಿದ್ದಳು, ಆಮೇಲೆ ಬದಲಾಯಿಸುವ ಯೋಚನೆಯನ್ನೂ ಮಾಡಿರಲಿಲ್ಲ.

ನನ್ನ ಕೆಲಸದಲ್ಲಿ ಒಮ್ಮೆ ಬರೆದ ಅಂಕಿಯನ್ನು ಅಳಿಸುವ ಹಾಗಿಲ್ಲ. ತಪ್ಪಾಗಿದ್ದರೆ ಆ ತಪ್ಪು ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ಕೊಟ್ಟು, ಸಹಿ ಹಾಕಬೇಕು. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುವವಳು ನಾನೇ. ಕಟ್ಟುನಿಟ್ಟಿನವಳು ಎಂಬ ಹೆಸರು ಬೇರೆ. ಅವತ್ತು ನನ್ನ ಬೆರಳು ಒಂದು ಕ್ಷಣವೂ ತಡೆಯಲಿಲ್ಲ.

ಬಾಟಲಿ ತುಂಬಿಸಿಕೊಂಡು ಧಕ್ಕೆಗೆ ಹೋದೆ. “ಇಷ್ಟೊತ್ತು ಏನ ಮಾಡ್ತಿದ್ದಿ? ನೀರು ತರಾಕ ಹೋಗಿದ್ದೋ, ಬಾವಿ ತೋಡಾಕ ಹೋಗಿದ್ದೋ?” ಎಂದಳು ರಾಜೇಶ್ವರಿ. ದೋಣಿ ಬಂತು. ಹತ್ತಿದೆವು.

ಕೋಟೆಯ ಬಾಗಿಲು ತೀರ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಎರಡು ಬುರುಜುಗಳ ನಡುವೆ ತಿರುವಿನಲ್ಲಿ ಅಡಗಿದೆ. ಕೇತಕಿ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡಳು. ಒಳಗೆ ತೆಂಗಿನ ಮರಗಳು, ಕೆಲವು ಮನೆಗಳು. ತಲೆಮಾರುಗಳಿಂದ ಅಲ್ಲೇ ಇರುವ ಜನ. ನಾನು ಅಷ್ಟು ಆಸೆಪಟ್ಟ ಬಾವಿಗಳೂ ಇದ್ದವು. ಅಲ್ಲಿಯ ಹೆಂಗಸೊಬ್ಬಳು ನೀರು ಸೇದಿ ಕೊಟ್ಟಳು. ರಾಜೇಶ್ವರಿ ಬೊಗಸೆಯಲ್ಲಿ ಕುಡಿದು, “ಸುತ್ತಲೂ ಉಪ್ಪು, ನಡುವ ಸಿಹಿ. ಪರೀಕ್ಷಾ ಮಾಡಿ ಹೇಳ್ರಿ ಬಾಯಾರ, ಹೆಂಗಿದು?” ಎಂದು ನನ್ನ ಮುಖಕ್ಕೆ ಎರಚಿದಳು. ನಾನು ನಕ್ಕಿರಬೇಕು. ನೀರಿನ ರುಚಿ ನೆನಪಿಲ್ಲ. ಗೋಡೆಯ ಮೇಲೆ ನಿಂತಾಗಲೂ ನಾನು ಸಮುದ್ರದ ಕಡೆ ನೋಡಲಿಲ್ಲ. ಧಕ್ಕೆಯ ಕಡೆ, ಗಾಡಿ ನಿಂತ ಕಡೆ ನೋಡಿದೆ. ಅಷ್ಟು ದೂರಕ್ಕೆ ಫೋನಿನ ಸದ್ದು ಕೇಳಿಸುವುದಿಲ್ಲ. ಆದರೂ ಕಿವಿಗೊಟ್ಟೆ.

ಈಗ ಹೇಳುತ್ತೇನೆ, ದೋಣಿಯಿಂದ ಇಳಿದ ಮೇಲೆ ಹೇಳುತ್ತೇನೆ, ಊಟವಾದ ಮೇಲೆ — ಹೀಗೆಯೇ ಹೊತ್ತು ದಾಟಿತು. ಪೇಟೆಯಲ್ಲಿ ಅವಳು ಬೆಲ್ಲದ ಪಾಕ ಸವರಿದ ಕಡಲೆಹಿಟ್ಟಿನ ಕಡ್ಡಿಗಳನ್ನು ಕೊಂಡಳು. ಖಾಜಾ ಎನ್ನುತ್ತಾರೆ ಅದಕ್ಕೆ ಅಲ್ಲಿ. “ಅಜ್ಜಿಗೆ ಹಲ್ಲಿಲ್ಲ ಖರೇ, ಚೀಪತಾಳ” ಎಂದಳು. ನಾನು ಪಕ್ಕದಲ್ಲಿ ನಿಂತು ಚೀಲ ಹಿಡಿದೆ. ಫೋನು ಅವಳ ಕೈಗೆ ಬಂದಿತ್ತು. ಒಮ್ಮೆ ತೆರೆದು ನೋಡಿ, ಏನೂ ಇಲ್ಲವೆಂದು ಒಳಗಿಟ್ಟಳು. ನೀವು ಮತ್ತೆ ಮಾಡಿರಲಿಲ್ಲ. ಯಾಕೆ ಮಾಡುತ್ತೀರಿ — ನಾನು ಹೇಳುತ್ತೇನೆ ಎಂದಿದ್ದೆನಲ್ಲ. ನಾವು ದಾರಿಯಲ್ಲಿದ್ದೇವೆಂದು ನೀವು ಬಾಗಿಲ ಕಡೆ ನೋಡುತ್ತಿದ್ದಿರಿ.

ಹೊತ್ತು ಮುಳುಗುವಾಗ ಪಕ್ಕದ ತಾರಕರ್ಲಿಯ ಸಮುದ್ರದಂಡೆಯ ಮೇಲಿದ್ದೆವು. ನಿಮ್ಮ ಎರಡನೆಯ ಕರೆ ಬಂತು. ಈ ಸಲ ಅವಳೇ ಎತ್ತಿಕೊಂಡಳು. ‘ಹೆಲೋ ಕಾಕಾ’ ಎಂದವಳು, ಅಜ್ಜಿ ಹೋದ ಸುದ್ದಿ ಕೇಳುತ್ತ ಉಸುಕಿನ ಮೇಲೆ ಕೂತುಬಿಟ್ಟಳು.

ನಿಮ್ಮ ಮನೆ ಮುಟ್ಟಿದಾಗ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದಿರಿ, ಹಣೆಯ ತುಂಬ ವಿಭೂತಿ, ಕೊರಳಿಗೆ ಹೂವು. ಭಜನೆ ನಡೆದಿತ್ತು. ಹೀಗೆ ಕೂರಿಸುವುದನ್ನು ನಾನು ಮೊದಲು ಕಂಡಿರಲಿಲ್ಲ. ಯಾರನ್ನೋ ಎದುರು ನೋಡುತ್ತ ಕೂತ ಹಾಗೆಯೇ ಇತ್ತು. ನಾನು ಕಂಬದ ಹಿಂದೆ ಸರಿದೆ.

ಮಣ್ಣು ಮುಗಿಸಿ ಬಂದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ರಾಜೇಶ್ವರಿ ನಿಮ್ಮನ್ನು ಕೇಳಿದಳು.

“ನನಗ ಮದ್ಲಽ ಯಾಕ ಹೇಳಲಿಲ್ಲ ಕಾಕಾ?”

“ಹೇಳಿದ್ನಲ್ಲವಾ. ಮುಂಜಾನೆ ಹಚ್ಚಿದ್ದೆ. ಇವರಽ ಎತ್ತಿದ್ರು. ಬರ್ತೀವಿ ಅಂದ್ರು, ಅದಕ್ಕ ಮತ್ತ ಹಚ್ಚಲಿಲ್ಲ.” ನೀವು ನನ್ನ ಕಡೆ ನೋಡಿದಿರಿ. ಆ ನೋಟದಲ್ಲಿ ಆಪಾದನೆ ಇರಲಿಲ್ಲ. ಹೌದು ಅಂಕಲ್ ಎಂದು ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದಿರಿ.

ಎಲ್ಲರೂ ನನ್ನ ಕಡೆ ತಿರುಗಿದರು. ರಾಜೇಶ್ವರಿಯ ಕಣ್ಣು ನನ್ನ ಮೇಲಿತ್ತು. ನಾನು ಹೇಳಿದೆ, “ಫೋನ್ ಬಂದಿತ್ತು... ಆದ್ರೆ ಲೈನ್ ಸರಿ ಇರ್ಲಿಲ್ಲ ಅಂಕಲ್, ಬರೀ ಗರಗರ ಸದ್ದು. ನನಗೇನೂ ಕೇಳಿಸ್ಲಿಲ್ಲ. ಕಟ್ಟಾಯ್ತು. ನೀವೇ ಮತ್ತೆ ಮಾಡ್ತೀರೇನೋ ಅಂತ...”

ನೀವು ಅಂಗಿಯ ಜೇಬಿಗೆ ಕೈ ಹಾಕಿದಿರಿ. ನಿಮ್ಮ ಫೋನು ಅಲ್ಲಿತ್ತು. ನಾವು ಮಾತಾಡಿದ್ದು, ಎಷ್ಟು ಹೊತ್ತು ಮಾತಾಡಿದ್ದು, ಎಲ್ಲ ಅದರಲ್ಲಿತ್ತು. ತೆಗೆದು ತೋರಿಸಿದ್ದರೆ ನಾನು ಅಲ್ಲಿಯೇ — ಆದರೆ ಕೈ ಬರಿದೇ ಹೊರಗೆ ಬಂತು. ನನ್ನನ್ನು ಒಮ್ಮೆ ನೋಡಿದಿರಿ. ಎಲ್ಲಿಂದಲೋ ಬಂದ, ಯಾರದೋ ಮನೆಯ ಹುಡುಗಿ, ಸಾವಿನ ಮನೆಗೆ ಬಂದು ಕೂತವಳು. ಅಂಥವಳನ್ನು ನಾಲ್ಕು ಜನರ ಎದುರು ಸುಳ್ಳುಗಾತಿ ಮಾಡಬಾರದು ಎಂದುಕೊಂಡಿರೇನೋ.

“ಇರಲಿ ಬಿಡ್ರಿ. ನಾನಽ ಸರಿಯಾಗಿ ಹೇಳಿಲ್ಲ ಕಾಣ್ತದ” ಎಂದಿರಿ.

ಆಗ ರಾಜೇಶ್ವರಿ ಅಂದ ಮಾತನ್ನು ನೀವು ಮರೆತಿರಲಾರಿರಿ. “ಸುಳ್ಳು ಹೇಳೂಮುಂದ ಹತ್ತ ಸಲ ಹಚ್ತಿದ್ದಿ ಕಾಕಾ. ಖರೇ ಹೇಳೂಮುಂದ ಒಂದಽ ಸಲ. ನನ್ನ ಲಗ್ನಾನಽ ಹೆಚ್ಚಾತು ನಿನಗ. ನಮ್ಮಜ್ಜಿ ಸಾವು ಹಗರ ಆತು.” ಅವಳ ಅವ್ವ ಬಾಯಿ ಮುಚ್ಚಿಸಲು ಬಂದರು. ನೀವು ತಲೆ ತಗ್ಗಿಸಿ ಕೂತಿರಿ. ನಾನು ರಾಜೇಶ್ವರಿಯ ಬೆನ್ನು ಸವರುತ್ತ ಪಕ್ಕದಲ್ಲೇ ಕೂತಿದ್ದೆ.

ಅವತ್ತು ನೀವು ನನ್ನನ್ನು ಉಳಿಸಿದಿರಿ. ಅದಕ್ಕೆ ನೀವು ಕೊಟ್ಟದ್ದು ನಿಮ್ಮ ಮಗಳಂಥವಳನ್ನು.

ಆಮೇಲೆ ಅವಳು ನನಗೆ ಇನ್ನೂ ಹತ್ತಿರವಾದಳು. ಊರಿಗೆ ಹೋಗುವುದನ್ನು ಬಿಟ್ಟಳು. ಹಬ್ಬಗಳನ್ನು ನನ್ನ ಜೊತೆ ಮಾಡಿದಳು. ಜ್ವರ ಬಂದಾಗ ನನ್ನ ಮಡಿಲಲ್ಲಿ ತಲೆಯಿಟ್ಟು, “ನೀ ಇರಲಿಲ್ಲಂದ್ರ ಆ ಹೊತ್ತು ನಾ ಏನ ಮಾಡ್ತಿದ್ದೆ ನಂದಿನಿ” ಎಂದಳು. ಬಾಯಾರ, ಬಾಯಿ ಎಲ್ಲ ಹೋಗಿ ಬರೀ ನಂದಿನಿ ಉಳಿದಿತ್ತು. ನಾನು ಅವಳ ಕೂದಲಲ್ಲಿ ಕೈಯಾಡಿಸಿದೆ. ನಿಮ್ಮ ಹೆಸರು ಫೋನಿನಲ್ಲಿ ಕಂಡಾಗಲೆಲ್ಲ ಅವಳು ಅದನ್ನು ಬೋರಲು ಮಾಡಿ ಇಡುತ್ತಿದ್ದಳು. ಕೆಲವು ತಿಂಗಳ ಮೇಲೆ ಆ ಹೆಸರೂ ಬರುವುದು ನಿಂತಿತು.

ನಾನು ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ಒಂದು ಉತ್ತರ ನನ್ನಲ್ಲಿ ಸಿದ್ಧವಾಗಿತ್ತು. ಅಜ್ಜಿಗೆ ಆರಾಮಿಲ್ಲ ಎಂಬ ಮಾತನ್ನು ಎರಡು ಸಲ ಸುಳ್ಳಾಗಿ ಬಳಸಿದವರು ನೀವೇ. ಮೂರನೆಯದೂ ಗಂಡಿನ ಕಡೆಯವರೇ ಎಂದು ತಿಳಿದೆ. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಫೋನಿನಲ್ಲಿ ನಿಮ್ಮ ಹಿಂದಿನಿಂದ ಪಾತ್ರೆಗಳ ಸದ್ದು, ಜನರ ಮಾತು ಕೇಳಿಸಿದ್ದೂ ಈ ಉತ್ತರಕ್ಕೆ ಒದಗಿತು. ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಇದು ನಿಜವೂ ಅಲ್ಲ.

ನಿಜ ಎಂದರೆ — ಗಂಡಿನ ಕಡೆಯವರೇ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ಈ ಸಲ ಒಪ್ಪಿಗೆಯಾಗಿಬಿಟ್ಟರೆ ಅವಳು ಹೊರಟುಹೋಗುತ್ತಾಳೆ, ನನ್ನ ಭಾನುವಾರಗಳು ಮತ್ತೆ ಮೊದಲಿನಂತಾಗುತ್ತವೆ ಎಂಬ ಭಯ ನನಗಿತ್ತು. ಅವಳು ನನ್ನ ಒಬ್ಬಳೇ ಗೆಳತಿ. ನನ್ನ ಪ್ರವಾಸ, ನನ್ನ ಕೋಟೆ, ನನ್ನ ಗೆಳತಿ. ಅಷ್ಟೇ ಇದ್ದದ್ದು ತಲೆಯಲ್ಲಿ.

ಇನ್ನೂ ಒಂದು ಇದೆ. ‘ರಾಜವ್ವ, ರಾಜವ್ವ ಅನ್ನಾಕತ್ತಾಳ’ ಎಂದ ಮೇಲೆ ನೀವು ಒಂದು ಕ್ಷಣ ನಿಂತಿರಿ. ಉಗುಳು ನುಂಗಿದ ಸದ್ದು ಬಂತು. ಆಮೇಲೆ ‘ಹೆಂಗಿದ್ದಾಳ ಹಂಗಽ’ ಎಂದಿರಿ. ಸುಳ್ಳು ಹೇಳುವವರು ಅಲ್ಲಿ ನಿಲ್ಲುವುದಿಲ್ಲ, ಕಾಕಾ. ನನಗೆ ಅದು ಕೇಳಿಸಿತ್ತು. ಇದು ನಾಟಕವಲ್ಲ ಎಂದು ಎದೆಯಲ್ಲಿ ಎಲ್ಲೋ ಒಂದು ಸಲ ತಟ್ಟಿತು. ಅದಕ್ಕೇ ನಕ್ಷೆ ನೋಡಿದೆ. ಗಂಡು ನೋಡುವ ಶಾಸ್ತ್ರವೆಂದು ನಿಜವಾಗಿ ನಂಬಿದವಳಿಗೆ ದಾರಿ ಎಷ್ಟು ದೂರ ಎಂದು ನೋಡುವ ಅಗತ್ಯವೇನಿತ್ತು?

ಅವರು ಸಾಯುತ್ತಿ‌ದ್ದಾರೆಂದು ಗೊತ್ತಿತ್ತು ಎಂದು ಹೇಳಲಾರೆ. ಇರಬಹುದು ಎಂದು ಗೊತ್ತಿತ್ತು. ಇರಬಹುದಾದದ್ದನ್ನು ತಿಳಿದೇ ಬದಿಗೆ ಸರಿಸಿ ದೋಣಿ ಹತ್ತಿದೆ.

ಈಗ ರಾಜೇಶ್ವರಿಯ ಮದುವೆ ಗೊತ್ತಾಗಿದೆ. ಹುಡುಗ ಅವಳೇ ಮೆಚ್ಚಿದವನು, ಇಲ್ಲಿ ಪುಣೆಯಲ್ಲೇ ಕೆಲಸ. ಅವಳ ಅವ್ವ ಫೋನಿನಲ್ಲಿ ಎಷ್ಟು ಬೇಡಿಕೊಂಡರೂ, “ಕಾಕಾನ್ನ ಕರೆಯಂಗಿಲ್ಲ. ಕರೆದ್ರ ನಾ ರಿಜಿಸ್ಟರ್ ಮಾಡಿಸ್ಕೊಂಡು ಬಿಡ್ತೀನಿ” ಎಂದಳು. ಫೋನಿಟ್ಟು ನನ್ನ ಕಡೆ ತಿರುಗಿ, “ನೀ ಹೇಳು, ನಾ ಅಂದದ್ದು ತಪ್ಪೇನು?” ಎಂದು ಕೇಳಿದಳು. ನನ್ನನ್ನೇ ಕೇಳಿದಳು.

ಮೊನ್ನೆ ಭಾನುವಾರ ಅವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೋಗಿ ಎದುರು ನಿಂತು ಹೇಳಿದೆ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟು ವರ್ಷ ಹೊತ್ತದ್ದು ಹೇಳುವಾಗ ಅಷ್ಟು ಚಿಕ್ಕದಿತ್ತು.

ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ದುಪಟ್ಟಾ ಮಡಚುತ್ತಲೇ ಇದ್ದಳು. “ಕಾಕಾ ಏನಂದ್ರು? ಅವರು ಅಂದಂಗಽ ಹೇಳು” ಎಂದಳು. ಹೇಳಿದೆ. ನಿಮ್ಮ ಮಾತು ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ತಾನೇ ತಿದ್ದಿ, ನಿಮ್ಮ ದನಿಯಲ್ಲಿ ಮೆಲ್ಲಗೆ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಸಿದಳು.

“ಅಜ್ಜಿಗೆ ಬರ್ತಾಳಂತ ಹೇಳ್ರಿ ಅಂದಿ ನೀ.”

“ಅಂದೆ.”

“ಹಂಗಾರ ಅಜ್ಜಿ ದಾರಿ ನೋಡ್ಯಾಳ.”

ಮಡಚಿದ ದುಪಟ್ಟಾವನ್ನು ಕೆಳಗಿಟ್ಟಳು.

“ನಾ ಕಾಕಾಗ ಏನೇನ ಅಂದೀನಿ ನಿನಗ ಗೊತ್ತದ. ನೀ ಅಲ್ಲೇ ಕುಂತಿದ್ದಿ, ನನ್ನ ಬೆನ್ನ ಮ್ಯಾಲ ಕೈ ಇಟ್ಟು.” ಅಷ್ಟು ಹೇಳಿ ಒಳಗೆ ಹೋದಳು. ಆ ಮೇಲೆ ನನ್ನ ಜೊತೆ ಮಾತಾಡಿಲ್ಲ. ಮಾತಾಡು ಎಂದು ನಾನು ಕೇಳಿಲ್ಲ.

ಇವತ್ತು ಬೆಳಗ್ಗೆ ಅವಳು ಚೀಲ ತೆಗೆದುಕೊಂಡು ಕಾತ್ರಜಕ್ಕೆ ಹೋದಳು. ಎಲ್ಲಿಗೆಂದು ಕೇತಕಿಗೆ ಹೇಳಿದಳಂತೆ, ಕೇತಕಿ ನನಗೆ ಹೇಳಿದಳು. ಸಂಜೆಯೊಳಗೆ ನಿಮ್ಮ ಬಾಗಿಲಲ್ಲಿ ಇರುತ್ತಾಳೆ. ಅದಕ್ಕೇ ಇದನ್ನು ಫೋನಿನಲ್ಲೇ ಬರೆದು ಕಳಿಸುತ್ತಿದ್ದೇನೆ. ಇಷ್ಟುದ್ದದ್ದನ್ನು ಅದರಲ್ಲಿ ಓದುವುದು ನಿಮಗೆ ಕಷ್ಟ ಎಂದು ಗೊತ್ತು. ಕರೆ ಮಾಡಬಹುದಿತ್ತು. ಒಮ್ಮೆ ಮಾಡಿದೆ ಕೂಡ. ‘ಯಾರ್ರಿ’ ಎಂದಿರಿ, ಇಟ್ಟುಬಿಟ್ಟೆ. ಆ ಕರೆ ನನ್ನದೇ.

ಅವಳು ಬಂದವಳೇ ನಿಮ್ಮ ಕಾಲು ಹಿಡಿಯಬಹುದು. ಹಿಡಿಯಲು ಬಿಡಬೇಡಿ. ಅವಳು ನಿಮಗೆ ಅಂದದ್ದೆಲ್ಲ ನನ್ನನ್ನು ನಂಬಿ ಅಂದದ್ದು. ಅವಳು ಕೇಳಬೇಕಾದ ಕ್ಷಮೆ ಯಾವುದೂ ಇಲ್ಲ. ನನಗೆ ನಿಮ್ಮ ಕ್ಷಮೆ ಬೇಕೆಂದು ಇದನ್ನು ಬರೆಯುತ್ತಿಲ್ಲ. ಬೇಕು ಎನ್ನುವ ಮುಖ ನನಗಿಲ್ಲ. ಅಜ್ಜಿಯ ಆ ಮಧ್ಯಾಹ್ನವನ್ನು ಯಾರಿಂದಲೂ ಹಿಂದಕ್ಕೆ ತರಲಾಗುವುದಿಲ್ಲ.

ಒಂದು ಮಾತ್ರ ನನ್ನ ಕೈಯಲ್ಲಿದೆ. ಸುಳ್ಳನ್ನು ನಾನು ನಿಮ್ಮ ಮನೆಯಲ್ಲಿ, ನಿಮ್ಮ ಅಣ್ಣತಮ್ಮಂದಿರ, ಓಣಿಯ ಹಿರಿಯರ ಎದುರು ಹೇಳಿದೆ. ನಿಜವನ್ನು ಹೀಗೆ ಒಬ್ಬಳೇ ಕೂತು, ನಿಮಗೊಬ್ಬರಿಗೇ ಬರೆದು ಮುಗಿಸುವ ಹಾಗಿಲ್ಲ. ನೀವು ಹೇಳಿದ ದಿನ ಬರುತ್ತೇನೆ. ಅವತ್ತು ಅಲ್ಲಿ ಕೂತಿದ್ದವರನ್ನೆಲ್ಲ ಕರೆಸಿ. ಅವರು ಕೇಳುವ ಹಾಗೆ, ಎದ್ದು ನಿಂತು ಹೇಳುತ್ತೇನೆ.